ಎರಡು ತಿಂಗಳಲ್ಲಿ ಹತ್ತು ಕೆಜಿ ಇಳಿಸಬಹುದಾ ಸರ್?

ಪ್ರಶ್ನೆ (ಬ್ಯಾಂಕ್ ಉದ್ಯೋಗಿ, ದಾವಣಗೆರೆ): ನಮಸ್ಕಾರ ಸರ್. ವಯಸ್ಸು 42, ಎತ್ತರ 170 ಸೆಂ.ಮೀ., ತೂಕ 86 ಕೆಜಿ. ಬೆಳಗ್ಗೆ ಹತ್ತಕ್ಕೆ ಕೌಂಟರ್‌ನಲ್ಲಿ ಕೂತರೆ ಸಂಜೆವರೆಗೂ ಏಳೋದೇ ಇಲ್ಲ. ಬಿಪಿ, ಶುಗರ್ ಇಲ್ಲ, ಇತ್ತೀಚೆಗೆ ಚೆಕ್ ಮಾಡಿಸಿದ್ದೇನೆ. ತಂಗಿ ಮದುವೆಗೆ ಎರಡು ತಿಂಗಳಿದೆ, ಅಷ್ಟರಲ್ಲಿ ಹತ್ತು ಕೆಜಿ ಇಳಿಸಬೇಕು ಅಂತ ಜಿಮ್ ಸೇರಿದ್ದೇನೆ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ತೋಳು, ಹೀಗೆ ಆರು ದಿನದ ಚಾರ್ಟ್ ಕೊಟ್ಟಿದ್ದಾರೆ. ಜೊತೆಗೆ ದಿನಾ 45 ನಿಮಿಷ ಟ್ರೆಡ್‌ಮಿಲ್. ಇದು ಸರಿ ಇದೆಯಾ?

ಉತ್ತರ (ಫಿಟ್‌ನೆಸ್ ಕೋಚ್): ಮೊದಲು ಲೆಕ್ಕ ಹಾಕೋಣ. ಒಂದು ಕೆಜಿ ಕೊಬ್ಬು ಅಂದರೆ ಹೆಚ್ಚುಕಮ್ಮಿ 7,700 ಕ್ಯಾಲರಿ. ಹತ್ತು ಕೆಜಿಗೆ 77,000. ಅದನ್ನು ಅರವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 1,280 ಕ್ಯಾಲರಿ ಕಡಿಮೆ ಬೀಳಬೇಕು. ನಿಮ್ಮ ಮೈಗೆ, ಕೂತು ಮಾಡುವ ಕೆಲಸಕ್ಕೆ, ದಿನದ ಖರ್ಚೇ 2,100–2,200ರ ಆಸುಪಾಸು. ಉಳಿಯುವ ಸುಮಾರು ಒಂಬೈನೂರರಲ್ಲಿ ದಿನ ದೂಡಿದರೆ ತೂಕವೇನೋ ಇಳಿಯುತ್ತದೆ, ಆದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮದುವೆ ಊಟದ ನಂತರ ವಾಪಸ್ ಬರುವುದು ಹೆಚ್ಚಾಗಿ ಕೊಬ್ಬೇ.

ವಾರಕ್ಕೆ ಅರ್ಧ ಕೆಜಿ ಇಟ್ಟುಕೊಳ್ಳಿ. ದಿನಕ್ಕೆ 550 ಕ್ಯಾಲರಿ ಕೊರತೆ ಸಾಕು. ಎರಡು ತಿಂಗಳಿಗೆ 4 ಕೆಜಿ, ಶಿಸ್ತಿದ್ದರೆ 5. ಉಳಿದದ್ದು ಮದುವೆ ಮುಗಿದ ಮೇಲಿನ ಮೂರು ತಿಂಗಳಿಗೆ.

ತೂಕದ ಜೊತೆ ಇನ್ನೂ ಮೂರು ಅಳತೆ ಇವತ್ತೇ ಬರೆದಿಡಿ. ಒಂದು, ಸೊಂಟದ ಸುತ್ತಳತೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ, ಇವೆರಡರ ನಡುಮಧ್ಯೆ ಟೇಪ್ ಹಿಡಿದು, ಉಸಿರು ಸಹಜವಾಗಿ ಹೊರಬಿಟ್ಟ ಮೇಲೆ ನೋಡಿ. ಪ್ಯಾಂಟಿನ ಸೈಜ್ ಲೆಕ್ಕಕ್ಕಿಲ್ಲ, ಪ್ಯಾಂಟು ಹೊಟ್ಟೆಯ ಕೆಳಗೆ ಕೂತಿರುತ್ತದೆ. ನಮ್ಮ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ. ಎರಡು, 2 ಕಿ.ಮೀ. ಬಿರುಸಾಗಿ ನಡೆಯಲು ಎಷ್ಟು ನಿಮಿಷ. ಮೂರು, ಗಟ್ಟಿ ಮೇಜಿನ ಅಂಚು ಹಿಡಿದು ಎಷ್ಟು ದಂಡ ಹೊಡೆಯುತ್ತೀರಿ. ನಾಲ್ಕು ವಾರಕ್ಕೊಮ್ಮೆ ಮತ್ತೆ ಅಳೆಯಿರಿ.

ಇನ್ನು ಚಾರ್ಟ್. ದಿನಕ್ಕೊಂದು ಭಾಗ ಅನ್ನುವುದು ವರ್ಷಗಟ್ಟಲೆ ಭಾರ ಎತ್ತಿದವರ ಪದ್ಧತಿ. ಹೊಸಬರಿಗೆ ಅದರಲ್ಲಿ ದೊಡ್ಡ ತೊಂದರೆಯೊಂದಿದೆ: ಮಂಗಳವಾರ ಬ್ರಾಂಚ್‌ನಲ್ಲಿ ಆಡಿಟ್ ಬಂದು ಜಿಮ್ ತಪ್ಪಿದರೆ ಬೆನ್ನಿನ ಸರದಿ ಮುಂದಿನ ಮಂಗಳವಾರವೇ. ಬದಲಿಗೆ ವಾರಕ್ಕೆ ಮೂರು ದಿನ, ಪ್ರತಿದಿನವೂ ಇಡೀ ಮೈಗೆ ಕೆಲಸ ಕೊಡಿ. ಸೋಮ, ಬುಧ, ಶುಕ್ರ ಅಂದುಕೊಳ್ಳಿ.

ಐದು ಚಲನೆ ಸಾಕು. ಬಸ್ಕಿ: 8 ಕೆಜಿ ಡಂಬಲನ್ನು ನೆಟ್ಟಗೆ ಎದೆಗೆ ಅಪ್ಪಿಕೊಂಡು, ಹಿಂದೆ ಇಟ್ಟ ಬೆಂಚಿಗೆ ಕುಂಡಿ ತಾಗುವವರೆಗೆ. ಸೊಂಟ ಬಗ್ಗಿಸಿ ಎತ್ತುವುದು: ಎರಡು ಕೈಯಲ್ಲೂ ಡಂಬಲ್, ಮೊಣಕಾಲು ಸ್ವಲ್ಪವೇ ಬಾಗಿರಲಿ, ಹಿಂದಿನ ಗೋಡೆಗೆ ಕುಂಡಿ ತಾಗಿಸಲು ಹೋದಂತೆ ಹಿಂದಕ್ಕೆ ಸರಿಯಬೇಕು. ಡಂಬಲ್ ತೊಡೆಗೆ ಒರಸಿಕೊಂಡೇ ಇಳಿಯಲಿ. ಅದು ಮುಂದಕ್ಕೆ ಜೋಲಿದರೆ ಭಾರವೆಲ್ಲ ಕೆಳಬೆನ್ನಿಗೆ ಬೀಳುತ್ತದೆ. ಮೂರನೆಯದು ದಂಡ, ಮೇಜಿನ ಎತ್ತರದಿಂದ ಶುರುಮಾಡಿ. ನಾಲ್ಕನೆಯದು ಎಳೆಯುವುದು, ಕೇಬಲ್ ಯಂತ್ರದಲ್ಲಿ ಕೂತು ಮೊಣಕೈ ಪಕ್ಕೆಗೆ ಬರುವಂತೆ. ದಿನವಿಡೀ ಮುಂದಕ್ಕೆ ಬಾಗಿ ಕೂರುವವರು ಇದನ್ನು ಬಿಡಲೇಬಾರದು. ಐದನೆಯದು, ಎರಡೂ ಕೈಯಲ್ಲಿ ಭಾರ ಹಿಡಿದು 30 ಮೀಟರ್ ನಡಿಗೆ.

ಮೊದಲ ನಾಲ್ಕಕ್ಕೆ ಎರಡೆರಡು ಸೆಟ್, ಒಂದೊಂದು ಸೆಟ್‌ಗೆ 8ರಿಂದ 12 ಸಲ. ನಡಿಗೆ ಎರಡು ಸುತ್ತು. ಸೆಟ್‌ಗಳ ನಡುವೆ ಒಂದೂವರೆ ನಿಮಿಷ ಬಿಡುವು. ಇನ್ನೆರಡು ಸಲ ಎತ್ತಬಲ್ಲೆ ಅನ್ನಿಸುವಾಗಲೇ ನಿಲ್ಲಿಸಿ. ಎರಡೂ ಸೆಟ್‌ನಲ್ಲಿ 12 ಸಲೀಸಾಗಿ ಬಂದರೆ ಮುಂದಿನ ಸಲ ಭಾರ 2 ಕೆಜಿ ಹೆಚ್ಚಿಸಿ. ಮೂರನೇ ವಾರದಿಂದ ಮೂರು ಸೆಟ್.

ಟ್ರೆಡ್‌ಮಿಲ್ 25–30 ನಿಮಿಷ, ವಾರಕ್ಕೆ ಐದು ದಿನ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ. ವಾರಕ್ಕೆ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದೇ ಮಟ್ಟದ ಶ್ರಮವನ್ನು. ಮುಂದಿನ ಹಿಡಿಕೆ ಹಿಡಿದುಕೊಂಡು ನಡೆಯಬೇಡಿ. ಮೈಭಾರ ಕೈಗೆ ಹೋಗಿ ಕಾಲಿನ ಕೆಲಸ ಕಡಿಮೆಯಾಗುತ್ತದೆ. ಪರದೆ ಮಾತ್ರ ಕ್ಯಾಲರಿ ಏರಿಸುತ್ತಲೇ ಇರುತ್ತದೆ. ಆ ಅಂಕಿ ನಂಬಿ ಹೋಟೆಲಿನಲ್ಲಿ ಇನ್ನೊಂದು ಬೆಣ್ಣೆದೋಸೆ ಹೇಳಿದರೆ ಆ ದಿನದ ನಡಿಗೆ ಅಲ್ಲಿಗೆ ಮುಗಿಯಿತು.

ಅದೇ ಬ್ಯಾಂಕ್ ಉದ್ಯೋಗಿ, ಹತ್ತು ದಿನದ ಮೇಲೆ: ಸರ್, ನೀವು ಹೇಳಿದಂತೆಯೇ ಮಾಡ್ತಿದ್ದೇನೆ. ಊಟವೂ ಕಡಿಮೆ. ಆದರೆ ತೂಕ 86.7! ತೊಡೆ ನೋವು ಬೇರೆ.

ಉತ್ತರ (ಫಿಟ್‌ನೆಸ್ ಕೋಚ್): ಅದು ಕೊಬ್ಬಲ್ಲ, ನೀರು. ಹೊಸದಾಗಿ ದುಡಿದ ಸ್ನಾಯು ರಿಪೇರಿಗೆ ನೀರು ಹಿಡಿದುಕೊಳ್ಳುತ್ತದೆ. ಸ್ನಾಯುವಿನಲ್ಲಿ ಕೂಡಿಡುವ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಜೊತೆಗೂ ನೀರು ಬರುತ್ತದೆ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾದರೂ ಅರ್ಧ ಮುಕ್ಕಾಲು ಕೆಜಿ ಏರುಪೇರಾಗುತ್ತದೆ. ದಿನಾ ಬೆಳಗ್ಗೆ ಶೌಚದ ನಂತರ, ತಿಂಡಿಗೆ ಮುಂಚೆ ತೂಕ ನೋಡಿ. ವಾರದ ಏಳು ಅಂಕಿಗಳ ಸರಾಸರಿಯನ್ನು ಮುಂದಿನ ವಾರದ ಸರಾಸರಿಗೆ ಹೋಲಿಸಿ. ಮೂರು ವಾರದ ಸರಾಸರಿ ಅಲ್ಲಾಡದಿದ್ದರೆ ಆಗ ಊಟದ ಲೆಕ್ಕ ತೆಗೆಯೋಣ.

ತೊಡೆ ನೋವು ಎರಡು ಮೂರು ದಿನದಲ್ಲಿ ಇಳಿಯಬೇಕು. ನೋವು ವಿಪರೀತವಾಗಿ, ಸ್ನಾಯು ಊದಿ, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಅದು ಬೇರೆಯೇ ವಿಷಯ. ಸ್ನಾಯು ಒಡೆದು ಕಿಡ್ನಿಗೆ ಪೆಟ್ಟು ಬೀಳುವ ಸ್ಥಿತಿ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮೊದಲ ದಿನವೇ ನೂರಿನ್ನೂರು ಬಸ್ಕಿ ಹೊಡೆಸುವ ಚಾಲೆಂಜ್‌ಗಳಲ್ಲಿರುವ ಅಪಾಯ ಇದೇ.

ಪ್ರಶ್ನೆ (ಗೃಹಿಣಿ, ಶಿವಮೊಗ್ಗ): ನನಗೆ 38. ಎರಡು ವರ್ಷದಿಂದ ದಿನಾ 6 ಕಿ.ಮೀ. ವಾಕಿಂಗ್. ಈಗ ಮೆಟ್ಟಿಲು ಇಳಿಯುವಾಗ ಮಂಡಿಚಿಪ್ಪಿನ ಸುತ್ತ ನೋವು. ವಾಕಿಂಗ್ ಬಿಡಬೇಕಾ? ವೇಟ್ಸ್ ಮಾಡಿ ಅಂತಾರೆ, ಮೈ ಗಂಡಸರ ಥರ ಆಗಿಬಿಟ್ಟರೆ ಅಂತ ಭಯ.

ಉತ್ತರ (ಫಿಸಿಯೋಥೆರಪಿಸ್ಟ್): ಮೇಡಂ, ಆ ಭಯ ಬಿಡಿ. ಅಷ್ಟು ಸ್ನಾಯು ಬೆಳೆಯಲು ಬೇಕಾದಷ್ಟು ಟೆಸ್ಟೋಸ್ಟಿರಾನ್ ಹಾರ್ಮೋನು ಹೆಂಗಸರ ಮೈಯಲ್ಲಿ ಇರುವುದಿಲ್ಲ.

ಮಂಡಿ ಊದಿಕೊಂಡರೆ, ಮಡಚಿದ್ದು ನೆಟ್ಟಗಾಗದೆ ಸಿಕ್ಕಿಹಾಕಿಕೊಂಡರೆ, ನಡೆಯುವಾಗ ದಿಢೀರ್ ಕುಸಿದರೆ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಅದ್ಯಾವುದೂ ಇಲ್ಲ, ಇಳಿಯುವಾಗ ಮತ್ತು ತುಂಬ ಹೊತ್ತು ಕೂತು ಏಳುವಾಗ ಮಾತ್ರ ನೋವು ಅಂದರೆ, ಹೆಚ್ಚಿನ ಸಲ ತೊಡೆಯ ಮುಂಭಾಗಕ್ಕೆ ಮತ್ತು ಕುಂಡಿಯ ಸ್ನಾಯುವಿಗೆ ಬಲ ಸಾಲದಿರುವುದೇ ಕಾರಣ. ಮೆಟ್ಟಿಲು ಇಳಿಯುವಾಗ ಚಿಪ್ಪಿನ ಹಿಂದೆ ಬೀಳುವ ಒತ್ತಡ ಮೈತೂಕದ ಮೂರು ಪಟ್ಟು ಮೀರುತ್ತದೆ. ಸಮತಟ್ಟು ರಸ್ತೆಯ ವಾಕಿಂಗ್ ಆ ಬಲ ಕೊಡುವುದಿಲ್ಲ.

ವಾಕಿಂಗ್ ಬಿಡಬೇಡಿ, ದೂರ ತಗ್ಗಿಸಿ ಎರಡು ಹೊತ್ತಿಗೆ ಒಡೆದುಕೊಳ್ಳಿ: ಬೆಳಗ್ಗೆ 2 ಕಿ.ಮೀ., ಸಂಜೆ ಒಂದೂವರೆ. ವಾರಕ್ಕೆ ಮೂರು ದಿನ ಇವಿಷ್ಟು ಸೇರಿಸಿ. ಕುರ್ಚಿಯ ಮೇಲೆ ದಿಂಬಿಟ್ಟು ಕೈ ಊರದೆ ಎದ್ದು ಕೂರುವುದು, 8 ಸಲದಂತೆ ಮೂರು ಸೆಟ್. ಕೂರುವಾಗ ಮೂರು ಸೆಕೆಂಡು ತೆಗೆದುಕೊಳ್ಳಿ, ಧೊಪ್ಪನೆ ಬೀಳಬೇಡಿ, ಆ ಇಳಿಯುವ ಮೂರು ಸೆಕೆಂಡಿನಲ್ಲೂ ಬಲ ಬರುತ್ತದೆ. ಮಂಡಿಗಳು ಒಂದಕ್ಕೊಂದು ಒಳಗೆ ವಾಲುತ್ತವೆಯಾ ಅಂತ ಕನ್ನಡಿಯಲ್ಲಿ ನೋಡಿ, ಕಾಲಿನ ಎರಡನೇ ಬೆರಳಿನ ನೇರಕ್ಕಿರಬೇಕು. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, 12ರಂತೆ ಮೂರು ಸೆಟ್. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, 15ರಂತೆ ಎರಡು. ಮೂರನೇ ವಾರದಿಂದ ನಾಲ್ಕು ಇಂಚಿನ ಮೆಟ್ಟಿಲು ಹತ್ತಿ ಇಳಿಯುವುದು, ಆರನೇ ವಾರಕ್ಕೆ ಆರು ಇಂಚು. ದಿಂಬು ಬೇಡವಾದ ಮೇಲೆ ಐದು ಲೀಟರಿನ ನೀರಿನ ಕ್ಯಾನ್ ಎದೆಗೆ ಹಿಡಿದು ಏಳಿ.

ಸ್ವಲ್ಪವೂ ನೋವಾಗಬಾರದು ಅಂತ ಕಾಯಬೇಡಿ. ಹತ್ತಕ್ಕೆ ಮೂರರವರೆಗೆ ನೋವಿದ್ದರೆ ಪರವಾಗಿಲ್ಲ, ಮರುದಿನ ಬೆಳಗ್ಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲವೆಂದರೆ ಸಂಖ್ಯೆ ಅರ್ಧಕ್ಕೆ ಇಳಿಸಿ. ಎಂಟು ವಾರದ ಗುರಿ: ಕಂಬಿ ಹಿಡಿಯದೆ ಎರಡು ಮಹಡಿ ಇಳಿಯುವುದು.

ಪ್ರಶ್ನೆ (ಹುದ್ದೆ ಆಕಾಂಕ್ಷಿ, ಹಾವೇರಿ): ಸರ್, ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಿ ನಡಸೀನ್ರಿ. 1600 ಮೀಟರ್ 6 ನಿಮಿಷ 30 ಸೆಕೆಂಡ್‌ನ್ಯಾಗ ಓಡಬೇಕು. ನಂದು 7:50 ಆಗ್ತದ. ದಿನಾ ಮುಂಜಾನೆ 1600 ಪೂರಾ ದಮ್ ಹಾಕಿ ಓಡ್ತೀನಿ, ಒಂದ್ ತಿಂಗಳಾತು, ಟೈಮ್ ಇಳಿವಲ್ದು. ಮೊಣಕಾಲಿನ ಕೆಳಗ ಎಲುಬಿನ ಮಗ್ಗಲ ನೋವು ಬ್ಯಾರೆ ಶುರುವಾಗೇತ್ರಿ. ಇನ್ನಾ ಮೂರು ತಿಂಗಳ ಟೈಮ್ ಐತಿ.

ಉತ್ತರ (ಫಿಟ್‌ನೆಸ್ ಕೋಚ್): ಟೈಮ್ ಇಳಿಯದಿರುವುದೂ ಕಾಲು ನೋಯುವುದೂ ಒಂದೇ ಕಾರಣಕ್ಕೆ. ದಿನಾ ಪರೀಕ್ಷೆ ಬರೆಯುತ್ತಿದ್ದೀರಿ, ಓದಲು ಸಮಯವೇ ಉಳಿದಿಲ್ಲ.

ಮೊದಲು ಕಾಲು. ನೋವು ಎಲುಬಿನ ಒಳಮಗ್ಗಲಲ್ಲಿ ಉದ್ದಕ್ಕೆ ಹರಡಿಕೊಂಡಿದ್ದರೆ ಅದು ಶಿನ್ ಸ್ಪ್ಲಿಂಟ್, ಅತಿಯಾಗಿ ಓಡಿದ್ದರಿಂದ ಬರುವ ನೋವು. ಹತ್ತು ದಿನ ಓಟ ನಿಲ್ಲಿಸಿ ಸೈಕಲ್ ತುಳಿಯಿರಿ, ಹಿಮ್ಮಡಿ ಎತ್ತುವ ವ್ಯಾಯಾಮ ಮಾಡಿ, ಆಮೇಲೆ ಡಾಂಬರು ಬಿಟ್ಟು ಮಣ್ಣಿನ ಮೈದಾನದಲ್ಲಿ ಶುರುಮಾಡಿ. ಒಂದೇ ಜಾಗದಲ್ಲಿ ಬೆರಳಿಟ್ಟರೆ ಚುಚ್ಚಿದಂತಾಗಿ, ರಾತ್ರಿ ಮಲಗಿದಾಗಲೂ ನೋವಿದ್ದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕಿರಬಹುದು. ಓಡಲೇಬೇಡಿ, ತೋರಿಸಿ. ಶುರುವಿನ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು ಅನ್ನುವುದು ನೆನಪಿರಲಿ.

ಈಗ ಗುರಿ. 6:30 ಅಂದರೆ 390 ಸೆಕೆಂಡು, 400 ಮೀಟರಿನ ಪ್ರತಿ ಸುತ್ತಿಗೆ 97.5. ನೀವೀಗ ಸುತ್ತಿಗೆ 117.5ರಲ್ಲಿದ್ದೀರಿ. ಗುರಿ 6:20 ಇಟ್ಟುಕೊಳ್ಳಿ, ಅಂದರೆ ಸುತ್ತಿಗೆ 95. ಪರೀಕ್ಷೆಯ ದಿನ ಗುಂಪಿನಲ್ಲಿ ಹೊರಸುತ್ತು ಓಡಿ ಕಳೆದುಕೊಳ್ಳುವ ಸೆಕೆಂಡುಗಳಿಗೆ ಆ ಹತ್ತು ಬೇಕಾಗುತ್ತದೆ. ನಾಲ್ಕು ವಾರಕ್ಕೆ 7:20, ಎಂಟಕ್ಕೆ 6:50, ಹನ್ನೆರಡಕ್ಕೆ 6:20. ಪೂರ್ತಿ ದಮ್ಮಿನ 1600 ನಾಲ್ಕು ವಾರಕ್ಕೊಮ್ಮೆ ಮಾತ್ರ.

ವಾರಕ್ಕೆ ನಾಲ್ಕು ದಿನ ಓಟ. ಅದರಲ್ಲಿ ಎರಡು ದಿನ ಪಕ್ಕದವನ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನ, 25 ನಿಮಿಷದಿಂದ ಶುರುಮಾಡಿ 40ರವರೆಗೆ. ಇಷ್ಟು ನಿಧಾನ ಓಡಿದರೆ ಏನು ಉಪಯೋಗ ಅನ್ನಿಸುತ್ತದೆ, ದಮ್ಮು ಕಟ್ಟುವುದೇ ಇದು. ಒಂದು ದಿನ ತುಂಡು ಓಟ: ಮೊದಲ ನಾಲ್ಕು ವಾರ 200 ಮೀಟರ್ 50 ಸೆಕೆಂಡಿನಲ್ಲಿ, ಆರು ಸಲ, ನಡುವೆ ಎರಡು ನಿಮಿಷ ನಡಿಗೆ. ಐದರಿಂದ ಎಂಟನೇ ವಾರ 400 ಮೀಟರ್ 98 ಸೆಕೆಂಡಿಗೆ, ನಾಲ್ಕು ಸಲ, ನಡುವೆ ಎರಡೂವರೆ ನಿಮಿಷ. ಒಂಬತ್ತರಿಂದ ಹನ್ನೊಂದು, ಅದೇ 400 ಮೀಟರ್ 95ಕ್ಕೆ, ಐದು ಸಲ, ಬಿಡುವು ಒಂದೂವರೆ ನಿಮಿಷ. ಯಾವುದಾದರೂ ತುಂಡಿನಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಜಾರಿದರೆ ಅವತ್ತಿಗೆ ಸಾಕು. ನಾಲ್ಕನೇ ದಿನ 15 ನಿಮಿಷ ಸ್ವಲ್ಪ ಬಿರುಸು, ಎರಡು ಮೂರು ಪದ ಮಾತ್ರ ಬಾಯಿಂದ ಹೊರಡುವಂತೆ. ಓಟವಿಲ್ಲದ ಎರಡು ದಿನ ಬಸ್ಕಿ, ಒಂಟಿಕಾಲಿನ ಬಸ್ಕಿ, ಉದ್ದ ಜಿಗಿತ, ಗುಂಡು ಎಸೆತ. ಕೊನೆಯ ವಾರ ಎಲ್ಲವೂ ಅರ್ಧ.

ಪರೀಕ್ಷೆಯ ದಿನ ಫೇಲಾಗುವವರಲ್ಲಿ ಬಹಳ ಮಂದಿ ಮೊದಲ ಸುತ್ತಿನಲ್ಲೇ ಕೆಡಿಸಿಕೊಳ್ಳುತ್ತಾರೆ. ವಿಸಿಲ್ ಊದಿದ ಕೂಡಲೇ ಎಲ್ಲರ ಜೊತೆ ಕಿತ್ತುಕೊಂಡು 80 ಸೆಕೆಂಡಿಗೆ ಸುತ್ತು ಮುಗಿಸುತ್ತಾರೆ, ಮೂರನೇ ಸುತ್ತಿಗೆ ಕಾಲು ಕಲ್ಲು. ಮೊದಲ 200 ಮೀಟರ್ 46ಕ್ಕಿಂತ ಬೇಗ ಬೇಡ. ಇದನ್ನು ವಾಚ್ ನೋಡದೆ ಮೈಯಿಂದಲೇ ಗುರುತಿಸುವಷ್ಟು ತುಂಡು ಓಟದಲ್ಲಿ ರೂಢಿಯಾಗಬೇಕು. ನಿಮ್ಮ ವರ್ಷದ ಅಧಿಸೂಚನೆಯಲ್ಲಿರುವ ಸಮಯ, ದೂರಗಳನ್ನೂ ಒಮ್ಮೆ ಓದಿ ಖಾತ್ರಿ ಮಾಡಿಕೊಳ್ಳಿ.

ಪ್ರಶ್ನೆ (ಐಟಿ ಉದ್ಯೋಗಿ, ಬೆಂಗಳೂರು): ಅಮ್ಮನಿಗೆ 63, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಮಾತ್ರೆ. ದಿನಕ್ಕೆ 10,000 ಹೆಜ್ಜೆ ಅಂತ ವಾಚ್ ತಂದುಕೊಟ್ಟೆ, ಈಗ 2,500 ದಾಟಲ್ಲ.

ಉತ್ತರ (ಫಿಸಿಯೋಥೆರಪಿಸ್ಟ್): 2,500 ಇರುವವರಿಗೆ ಮುಂದಿನ ಗುರಿ 3,000, ಹತ್ತು ಸಾವಿರವಲ್ಲ. ಎರಡು ವಾರಕ್ಕೊಮ್ಮೆ 500 ಏರಿಸಿ. ಮೂರು ಊಟದ ನಂತರವೂ ಹತ್ತು ಹತ್ತು ನಿಮಿಷ ನಡೆದರೆ ಹೆಜ್ಜೆಯೂ ಸಿಗುತ್ತದೆ, ಊಟದ ನಂತರ ಏರುವ ಸಕ್ಕರೆಯೂ ತಗ್ಗುತ್ತದೆ. ಗ್ಲಿಮಿಪಿರೈಡ್ ಸಕ್ಕರೆಯನ್ನು ತೀರಾ ಕೆಳಗಿಳಿಸಬಲ್ಲದು, ಹಾಗಾಗಿ ಖಾಲಿ ಹೊಟ್ಟೆಯ ವಾಕಿಂಗ್ ಬೇಡ. ಜೇಬಿನಲ್ಲಿ ಮೂರು ಚಮಚದಷ್ಟು ಸಕ್ಕರೆ ಅಥವಾ ಗ್ಲೂಕೋಸ್ ಇರಲಿ. ಕೈನಡುಕ, ಬೆವರು, ಕಣ್ಣುಮಂಜು ಬಂದರೆ ಕೂತು ತಿನ್ನಬೇಕು. ಬರಿಗಾಲು ಬೇಡ, ಸಂಜೆ ಪಾದದಡಿ ಕನ್ನಡಿ ಹಿಡಿದು ಗಾಯ, ಬೊಬ್ಬೆ ಇದೆಯಾ ನೋಡಿ. ಶುರುಮಾಡುವ ಮುಂಚೆ ಅವರ ಡಾಕ್ಟರಿಗೆ ಒಂದು ಮಾತು ಹೇಳಿ.

ಹೆಜ್ಜೆಗಿಂತ ಮುಖ್ಯವಾದ ಅಳತೆ ಇನ್ನೊಂದಿದೆ. ಗೋಡೆಗೆ ಒರಗಿಸಿದ ಕುರ್ಚಿಯಿಂದ, ಕೈ ಎದೆಗೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತಾರೆ ಎಣಿಸಿ. 60–64ರ ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು, ಬೀಳುವ ಅಪಾಯ ಹೆಚ್ಚು. ದಿನ ಬಿಟ್ಟು ದಿನ 5ರಂತೆ ಮೂರು ಸಲ ಅದನ್ನೇ ವ್ಯಾಯಾಮವಾಗಿ ಮಾಡಿಸಿ. ಅಡುಗೆಮನೆ ಕಟ್ಟೆ ಹಿಡಿದು ಒಂಟಿಕಾಲಲ್ಲಿ ಹತ್ತು ಸೆಕೆಂಡು ನಿಲ್ಲಿಸಿ, ಹಾಲು ಕಾಯುವ ಹೊತ್ತಿಗೆ ಎರಡೂ ಕಾಲು ಮುಗಿಯುತ್ತದೆ.

ಪ್ರಶ್ನೆ (ಶಿಕ್ಷಕರು, ಹಾಸನ): ಸೂರ್ಯನಮಸ್ಕಾರ ಒಂದೇ ಸಾಲದೇ? ಮತ್ತೆ ಪ್ರೋಟೀನ್ ಪೌಡರ್ ಬೇಕೇಬೇಕಾ?

ಉತ್ತರ (ಫಿಟ್‌ನೆಸ್ ಕೋಚ್): ಸೂರ್ಯನಮಸ್ಕಾರದಲ್ಲಿ ಬಾಗುವುದಿದೆ, ತಳ್ಳುವುದಿದೆ, ಉಸಿರಿನ ಲಯವಿದೆ. ಎಳೆಯುವ ಚಲನೆ ಇಲ್ಲ, ಭಾರ ಏರಿಸುವ ದಾರಿಯೂ ಇಲ್ಲ. 12 ಸುತ್ತು ಹಾಕಿ, ವಾರಕ್ಕೆರಡು ದಿನ ಎಳೆಯುವ ವ್ಯಾಯಾಮ ಮತ್ತು ಭಾರದ ಬಸ್ಕಿ ಸೇರಿಸಿಕೊಳ್ಳಿ. ಒಂದೇ ಸಲಕ್ಕೆ 108ಕ್ಕೆ ಹಾರಿದವರಿಗೆ ಮೊದಲು ಕೈಕೊಡುವುದು ಮಣಿಕಟ್ಟು, ಆಮೇಲೆ ಭುಜ. ಬಿಪಿ ಹತೋಟಿಯಲ್ಲಿಲ್ಲದವರು ತಲೆ ಕೆಳಗಾಗಿಸಿ ತುಂಬ ಹೊತ್ತು ನಿಲ್ಲಬಾರದು.

ಪೌಡರ್ ಕಡ್ಡಾಯವಲ್ಲ. ಕಿಡ್ನಿ ತೊಂದರೆ ಇಲ್ಲದ, ವ್ಯಾಯಾಮ ಮಾಡುವ 65 ಕೆಜಿಯವರಿಗೆ ದಿನಕ್ಕೆ 80 ಗ್ರಾಂ ಪ್ರೋಟೀನ್ ಸಾಕು. ಬರೀ ಮುದ್ದೆ, ತಿಳಿಸಾರಿನಲ್ಲಿ ಅದು ಬರುವುದಿಲ್ಲ, ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸಿಗುವುದು ಏಳು ಗ್ರಾಂ. ಮುದ್ದೆ ಇರಲಿ, ಜೊತೆಗೆ ಹುರುಳಿಕಾಳಿನ ಸಾರನ್ನು ಕಾಳು ಸಮೇತ ಹಾಕಿಕೊಳ್ಳಿ. 50 ಗ್ರಾಂ ಒಣಕಾಳಿಗೆ 11 ಗ್ರಾಂ ಬಂತು. ಎರಡು ಮೊಟ್ಟೆಗೆ 12, ಅರ್ಧ ಲೀಟರ್ ಹಾಲು ಅಥವಾ ಮೊಸರಿಗೆ 16, ಒಂದು ಹಿಡಿ ಕಡಲೆಕಾಯಿಬೀಜಕ್ಕೆ 7, 50 ಗ್ರಾಂ ಸೋಯಾ ಚಂಕ್ಸ್‌ಗೆ 25. ಉಳಿದದ್ದು ಅನ್ನ, ರಾಗಿ, ಬೇಳೆಯಲ್ಲೇ ತುಂಬುತ್ತದೆ.