ಒಂದೇ ಬ್ಯಾಚ್: ಮೊದಲ ಬಾಟಲಿಗಳು ಉಕ್ಕುತ್ತವೆ, ಕೊನೆಯವು ಸಪ್ಪೆ. ಯಾಕೆ?

ನೊರೆಪ್ರಿಯ:
ಮನೆಯಲ್ಲೇ ಮಾಡಿದ 20 ಲೀಟರ್ ಪೇಲ್ ಏಲ್ (ತಿಳಿ ಬಣ್ಣದ ಒಂದು ಬಗೆಯ ಬಿಯರ್). ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ) 1.050ರಿಂದ 1.011ಕ್ಕೆ ಇಳಿದು ಮೂರು ದಿನ ಅಲ್ಲೇ ನಿಂತ ಮೇಲೆ ಬಾಟಲಿಗೆ ತುಂಬಿದ್ದು. ಬಿಯರನ್ನು ನಲ್ಲಿ ಇರುವ ಬಕೆಟ್‌ಗೆ ಇಳಿಸಿ, ಆಮೇಲೆ ಬಾಟಲಿಯಲ್ಲಿ ಗ್ಯಾಸ್ ಹುಟ್ಟಲೆಂದು 120 ಗ್ರಾಂ ಸಕ್ಕರೆ ಹಾಗೇ ಸುರಿದು ಕಲಕಿದ್ದೆ. ಎರಡು ವಾರವಾಯಿತು. ಹುಳಿ ವಾಸನೆ ಇಲ್ಲ.

ಹುದುಗುಮನೆ:
ಸಕ್ಕರೆಯ ಲೆಕ್ಕ ಸರಿಯಿದೆ. 20 ಡಿಗ್ರಿಯಲ್ಲಿ ಹುದುಗಿದ ಬಿಯರ್‌ನಲ್ಲಿ ಸುಮಾರು 0.85 ವಾಲ್ಯೂಮ್ (ಅಂದರೆ ಬಿಯರ್‌ನ ಅಳತೆಯ 0.85 ಪಟ್ಟು) ಗ್ಯಾಸ್ ಉಳಿದೇ ಇರುತ್ತದೆ. ಲೀಟರ್‌ಗೆ 6 ಗ್ರಾಂ ಸಕ್ಕರೆ ಸೇರಿದರೆ ಒಟ್ಟು 2.4 ಆಗುತ್ತದೆ, ಪೇಲ್ ಏಲ್‌ಗೆ ಅಷ್ಟು ಸಾಕು. ಎಡವಟ್ಟಾಗಿದ್ದು ಬೆರೆಸುವಲ್ಲಿ. ಕರಗದ ಸಕ್ಕರೆ ತಳಕ್ಕೆ ಕೂತಿದೆ, ನಲ್ಲಿಯೂ ತಳದಲ್ಲೇ ಇದೆ. ಹಾಗಾಗಿ ಮೊದಲ ಬಾಟಲಿಗಳಿಗೆ ಸಕ್ಕರೆಯ ಪಾಲು ಹೆಚ್ಚು ಹೋಗಿದೆ.

ಮುಂದಿನ ಸಲ ಸಕ್ಕರೆಯನ್ನು 250 ಮಿಲೀ ನೀರಿನಲ್ಲಿ ಐದು ನಿಮಿಷ ಕುದಿಸಿ, ಆರಿಸಿ, ಖಾಲಿ ಬಕೆಟ್‌ಗೆ ಮೊದಲು ಹಾಕಿ. ಸೈಫನ್ ಪೈಪಿನ ತುದಿಯನ್ನು ತಳದಲ್ಲಿ ಓರೆಯಾಗಿ ಇಟ್ಟರೆ ಬಿಯರ್ ತಾನೇ ಸುತ್ತಿಕೊಂಡು ಬೆರೆಯುತ್ತದೆ. ಕೊನೆಗೆ ಸ್ಯಾನಿಟೈಸ್ ಮಾಡಿದ ಸೌಟಿನಿಂದ ಮೆಲ್ಲಗೆ ಎರಡು ಸುತ್ತು. ಗಾಳಿ ಸೇರುವಂತೆ ಕಡೆಯಬೇಡಿ, ರಟ್ಟಿನ ರುಚಿ ಬರುತ್ತದೆ.

ಗಾಜಿನಬುರುಡೆ:
ಒಪ್ಪುತ್ತೇನೆ. ಎಲ್ಲಾ ಬಾಟಲಿಗಳೂ ಉಕ್ಕಿದ್ದರೆ ಮಾತು ಬೇರೆ: ಹುದುಗುವಿಕೆ ಮುಗಿಯುವ ಮೊದಲೇ ತುಂಬಿದ್ದು, ಇಲ್ಲವೇ ಸೋಂಕು. 1 ಪಾಯಿಂಟ್ (ಹೈಡ್ರೋಮೀಟರ್‌ನಲ್ಲಿ 0.001) ಉಳಿದರೂ ಅರ್ಧ ವಾಲ್ಯೂಮ್ ಹೆಚ್ಚುತ್ತದೆ; 1.015ರಲ್ಲಿ ತುಂಬಿದ್ದರೆ ಗಾಜು ಸಿಡಿಯುವಷ್ಟು ಒತ್ತಡ. ಹೇಗಿದ್ದರೂ ನಲ್ಲಿಯನ್ನು ಪ್ರತಿ ಸಲ ಬಿಚ್ಚಿ ತೊಳೆಯಿರಿ. ತಿರುಗುವ ಭಾಗದ ಒಳಗೆ ಕಂದು ಜಿಡ್ಡು ಕಟ್ಟುತ್ತದೆ, ಅದಿರುವ ಕಡೆ ಸ್ಯಾನಿಟೈಸರ್ ಕೆಲಸ ಮಾಡುವುದಿಲ್ಲ.

ನೊರೆಪ್ರಿಯ:
ಈಗಿರುವ ಬಾಟಲಿಗಳನ್ನು ಉಳಿಸಬಹುದೇ?

ಹುದುಗುಮನೆ:
ಉಕ್ಕುವವನ್ನು ಇವತ್ತೇ ಫ್ರಿಜ್‌ಗೆ ಇಡಿ. ಮುಟ್ಟುವಾಗ ಕನ್ನಡಕ, ದಪ್ಪ ಕೈಗವಸು ಇರಲೇಬೇಕು. ಒಂದು ದಿನ ತಣ್ಣಗಾದ ಮೇಲೆ ಮುಚ್ಚಳದ ಅಂಚನ್ನು ಸ್ವಲ್ಪವೇ ಎತ್ತಿ ಗ್ಯಾಸ್ ಬಿಟ್ಟು, ಹೊಸ ಮುಚ್ಚಳ ಒತ್ತಿ, ಫ್ರಿಜ್‌ನಲ್ಲೇ ಇಟ್ಟು ಬೇಗ ಕುಡಿದು ಮುಗಿಸಿ.

ಸಪ್ಪೆಯವನ್ನು 22 ಡಿಗ್ರಿ ಆಸುಪಾಸಿನಲ್ಲಿ ಇನ್ನೊಂದು ವಾರ ಬಿಟ್ಟು ಒಂದನ್ನು ತೆರೆದು ನೋಡಿ. ಆಗಲೂ ನೊರೆ ಬಾರದಿದ್ದರೆ 20 ಗ್ರಾಂ ಸಕ್ಕರೆಗೆ ನೀರು ಸೇರಿಸಿ ಕುದಿಸಿ, ಒಟ್ಟು 40 ಮಿಲೀ ಪಾಕ ಮಾಡಿ. ಸ್ಯಾನಿಟೈಸ್ ಮಾಡಿದ ಸಿರಿಂಜಿನಿಂದ 330 ಮಿಲೀ ಬಾಟಲಿಗೆ 2 ಮಿಲೀ, ಅಂದರೆ 1 ಗ್ರಾಂ ಸಕ್ಕರೆ. ಒಣ ಸಕ್ಕರೆ ಹಾಕಿದರೆ ಬಿಯರ್ ಬುಸ್ಸೆಂದು ನೊರೆಯಾಗಿ ಹೊರಗೆ ಹೋಗುತ್ತದೆ.