ಅಪ್‌ಡೇಟ್: ಕಟ್ ಮಾಡಿದಲ್ಲೆಲ್ಲ ಬರುತ್ತಿದ್ದ 'ಟಕ್' ಸದ್ದು ಹೋಯಿತು

ಅಜ್ಜಿ ಹಾಡಿದ ಸೋಬಾನೆ ಪದದ ರೆಕಾರ್ಡಿಂಗನ್ನು ಆಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕಟ್ ಮಾಡಿದ ಕಡೆಯೆಲ್ಲ 'ಟಕ್' ಅಂತ ಸದ್ದು ಬರುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. ನೀವು ಹೇಳಿದ್ದೇ ಸರಿ. ಸದ್ದಿನ ಅಲೆ ನಡುವಿನ ಸೊನ್ನೆಯ ಗೆರೆಯಲ್ಲಿ ಇಲ್ಲದಾಗ ಕತ್ತರಿಸಿದರೆ ಎರಡು ತುದಿಗಳ ಮಟ್ಟ ಹೊಂದುವುದಿಲ್ಲ. ಆ ಜಿಗಿತವೇ ಟಕ್ ಅಂತ ಕೇಳಿಸುತ್ತದೆ. ಈಗ ಬೇಡದ ಭಾಗ ಸೆಲೆಕ್ಟ್ ಮಾಡಿ ಝಡ್ ಕೀ ಒತ್ತುತ್ತೇನೆ. ಎರಡೂ ಅಂಚು ಹತ್ತಿರದ ಸೊನ್ನೆಗೆ ಸರಿಯುತ್ತವೆ, ಆಮೇಲೆ ಡಿಲೀಟ್. ಒಂದೆರಡು ಕಡೆ ಇನ್ನೂ ಸಣ್ಣಗೆ ಕೇಳಿಸುತ್ತಿತ್ತು. ಅಲ್ಲಿ ಚೂರೇ ಚೂರು ಫೇಡ್ (ಸದ್ದು ಮೆಲ್ಲಗೆ ಇಳಿದು ಏರುವ ಹಾಗೆ) ಹಾಕಿದೆ.

ಫ್ಯಾನ್ ಸದ್ದಿಗೆ ನಾಯ್ಸ್ ರಿಡಕ್ಷನ್ 6 ಡೆಸಿಬಲ್ ಸಾಕಾಯಿತು. ಜಾಸ್ತಿ ಮಾಡಿದರೆ ದನಿ ನೀರೊಳಗಿಂದ ಬಂದ ಹಾಗಾಗುತ್ತದೆ. ಸಾಲುಗಳ ನಡುವಿನ ಉಸಿರನ್ನು ಮಾತ್ರ ಮುಟ್ಟಿಲ್ಲ. ಅದೂ ಅಜ್ಜಿಯದೇ ಅಲ್ವಾ. ಮೂಲ ವೇವ್ ಫೈಲ್ ಬೇರೆ ಇಟ್ಟಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.