ಪದಚರ್ಚೆ: ‘ಸೆಲ್ಫ್ ಹೋಸ್ಟೆಡ್’ ಬ್ಲಾಗಿನಲ್ಲಿ ಸ್ವಂತದ್ದು ಯಾವುದು?

ಎಲ್ಲರಿಗೂ ನಮಸ್ಕಾರ.

ಮೊದಲ ಸಲ ತಮ್ಮದೇ ಬ್ಲಾಗ್ ಶುರುಮಾಡುವವರಿಗೆ ಹೋಸ್ಟಿಂಗ್ (ಬ್ಲಾಗ್ ಇಡಲು ಬಾಡಿಗೆಗೆ ಸಿಗುವ ಜಾಗ) ಆರಿಸಿಕೊಳ್ಳಲು ನೆರವಾಗುವ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಿಷಯ ಗೊತ್ತಿದೆ, ಪದಗಳೇ ಕಾಡುತ್ತಿವೆ. ಹೋಸ್ಟಿಂಗ್ ಕಂಪನಿಗಳ ಪ್ಲಾನ್‌ಗಳ ಪಟ್ಟಿಯಲ್ಲಿ ಬರುವ ಎಷ್ಟೋ ಪದಗಳಿಗೆ ನಿಘಂಟಿನ ಅರ್ಥ ಒಂದು, ವ್ಯವಹಾರದ ಅರ್ಥ ಇನ್ನೊಂದು. ಹೊಸಬರು ನಿಘಂಟಿನ ಅರ್ಥ ನಂಬಿ ದುಡ್ಡು ಕಟ್ಟುತ್ತಾರೆ. ಕನ್ನಡಕ್ಕೆ ತರುವಾಗಲಾದರೂ ವ್ಯವಹಾರದ ಅರ್ಥವನ್ನೇ ಹಿಡಿಯೋಣ ಅನ್ನುವುದು ನನ್ನ ಆಸೆ. ನನಗೆ ತೋಚಿದ್ದನ್ನು ಕೆಳಗೆ ಬರೆದಿದ್ದೇನೆ. ತಪ್ಪು ಕಂಡರೆ ತಿದ್ದಿ, ಒಳ್ಳೆಯ ಪದ ಇದ್ದರೆ ಕೊಡಿ.

ಮೊದಲು ‘ಸೆಲ್ಫ್ ಹೋಸ್ಟೆಡ್’. ಇದಕ್ಕೆ ಎರಡು ಬಳಕೆ ಇದೆ. ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟು, ಅದನ್ನೇ ಸರ್ವರ್ (ಸೈಟನ್ನು ಓದುಗರಿಗೆ ಒದಗಿಸುವ ಯಂತ್ರ) ಮಾಡಿ ಹಗಲೂ ರಾತ್ರಿ ಓಡಿಸುವವರು ಈ ಪದವನ್ನು ಅಕ್ಷರಶಃ ಅರ್ಥದಲ್ಲಿ ಬಳಸುತ್ತಾರೆ. ಬ್ಲಾಗ್ ಲೋಕದಲ್ಲಿ ಅರ್ಥ ಬೇರೆ. ಅಲ್ಲಿ ಸರ್ವರ್ ಬೇರೆಯವರದ್ದು, ಅದರಲ್ಲಿ ಜಾಗ ಬಾಡಿಗೆಗೆ ಪಡೆದು, ಬ್ಲಾಗ್ ತಂತ್ರಾಂಶವನ್ನು ನಾವೇ ಹಾಕಿಕೊಂಡು ನಡೆಸಿದರೆ ಅದು ಸೆಲ್ಫ್ ಹೋಸ್ಟೆಡ್. ಗೂಗಲ್‌ನ ಬ್ಲಾಗರ್‌ನಂಥ ಸಿದ್ಧ ಸೇವೆಯಲ್ಲಿ ಖಾತೆ ತೆರೆದು ಬರೆದರೆ ಅದು ಸೆಲ್ಫ್ ಹೋಸ್ಟೆಡ್ ಅಲ್ಲ.

ಗೊಂದಲ ಜಾಸ್ತಿ ಆಗುವುದು ವರ್ಡ್‌ಪ್ರೆಸ್ ವಿಷಯದಲ್ಲಿ. ವರ್ಡ್‌ಪ್ರೆಸ್ ತಂತ್ರಾಂಶ ಬಂದದ್ದು 2003ರಲ್ಲಿ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ತಮ್ಮ ಹೋಸ್ಟಿಂಗ್‌ನಲ್ಲಿ ಹಾಕಿಕೊಳ್ಳಬಹುದು. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬ ಸಿದ್ಧ ಸೇವೆ ಶುರುವಾದದ್ದು 2005ರಲ್ಲಿ. ಹೆಸರು ಒಂದೇ, ಒಂದು ತಂತ್ರಾಂಶ, ಇನ್ನೊಂದು ಸೇವೆ. ‘ನಂದು ವರ್ಡ್‌ಪ್ರೆಸ್ ಬ್ಲಾಗ್’ ಎಂದು ಯಾರಾದರೂ ಹೇಳಿದರೆ ಯಾವುದು ಅಂತ ಮರಳಿ ಕೇಳದೆ ಉತ್ತರ ಕೊಡಲು ಆಗುವುದಿಲ್ಲ.

ಈಗ ಕನ್ನಡ. ‘ಸ್ವಯಂ ಆತಿಥೇಯ’ ಎಂಬ ಪ್ರಯೋಗ ಕಂಡಿದ್ದೇನೆ. ನನಗೆ ಒಗ್ಗಲಿಲ್ಲ. ಆತಿಥ್ಯದಲ್ಲಿ ಬಾಡಿಗೆ ಇರುವುದಿಲ್ಲ, ಇಲ್ಲಿ ಬಾಡಿಗೆಯೇ ಮುಖ್ಯ. ‘ಹೋಸ್ಟಿಂಗ್’ ಅನ್ನುವುದನ್ನು ಹಾಗೇ ಇಟ್ಟುಕೊಂಡರೆ ಯಾರಿಗೂ ಕಷ್ಟ ಆಗುವುದಿಲ್ಲ. ‘ಸ್ವಂತ ಹೋಸ್ಟಿಂಗ್’ ಕಿವಿಗೆ ಚೆನ್ನಾಗಿದೆ, ಆದರೆ ಯಂತ್ರವೂ ನಮ್ಮದೇ ಎಂಬ ಭಾವನೆ ಕೊಡುತ್ತದೆ. ನಾನು ಸದ್ಯಕ್ಕೆ ‘ನಾವೇ ನಡೆಸುವ ಬ್ಲಾಗ್’ ಎಂದು ಬರೆಯುತ್ತಿದ್ದೇನೆ. ಅದರಲ್ಲಿ ಹಕ್ಕೂ ಇದೆ, ಹೊಣೆಯೂ ಇದೆ.

ಪದ ಯಾವುದೇ ಆಗಲಿ, ಸ್ವಂತದ್ದು ಯಾವುದು ಎಂಬುದು ಓದುಗರಿಗೆ ಸ್ಪಷ್ಟವಾಗಬೇಕು. ಡೊಮೇನ್ ಹೆಸರು (ಬ್ಲಾಗಿನ ವಿಳಾಸ), ಕಡತಗಳು, ಡೇಟಾಬೇಸ್ (ಬರಹಗಳನ್ನು ಜೋಡಿಸಿಟ್ಟ ಕಣಜ), ಯಂತ್ರ. ಈ ನಾಲ್ಕರಲ್ಲಿ ಮೊದಲ ಮೂರು ನಮ್ಮ ಕೈಯಲ್ಲಿರಬೇಕು, ನಾಲ್ಕನೆಯದು ಬಾಡಿಗೆಯದ್ದು. ಆ ಮೂರನ್ನೂ ಎತ್ತಿಕೊಂಡು ಬೇರೆ ಕಡೆ ಹೋಗಲು ಎಷ್ಟು ಸುಲಭ ಅನ್ನುವುದೇ ಮೊದಲ ಹೋಸ್ಟಿಂಗ್ ಆರಿಸುವಾಗಿನ ದೊಡ್ಡ ಪರೀಕ್ಷೆ. ವೇಗ, ಜಾಗ ಎಲ್ಲ ಆಮೇಲೆ. ಹೊಸ ಬ್ಲಾಗಿಗೆ ಬೇಕಾಗುವ ವೇಗವೂ ಜಾಗವೂ ಸಾಧಾರಣ ಪ್ಲಾನ್‌ನಲ್ಲೇ ಸಿಗುತ್ತದೆ. ಬಿಟ್ಟು ಹೋಗುವ ದಾರಿ ಮಾತ್ರ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ.

ಡೊಮೇನ್‌ಗೆ ‘ಕೊಳ್ಳುವುದು’ ಎಂಬ ಕ್ರಿಯಾಪದ ಬೇಡ ಅನ್ನಿಸುತ್ತದೆ. ಒಂದು ಸಲ ಕೊಂಡರೆ ಮುಗಿಯಿತು ಅಂದುಕೊಳ್ಳುತ್ತಾರೆ. ಅದು ನೋಂದಣಿ. ಡಾಟ್ ಕಾಮ್ ಹೆಸರನ್ನು ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ನೋಂದಾಯಿಸಬಹುದು, ಆಮೇಲೆ ಮುಂದುವರಿಸಬೇಕು. ಯಾರ ಹೆಸರಲ್ಲಿ, ಯಾವ ಇಮೇಲ್‌ನಲ್ಲಿ ನೋಂದಣಿ ಆಗಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಸ್ನೇಹಿತರೋ, ಸೈಟ್ ಮಾಡಿಕೊಟ್ಟವರೋ ತಮ್ಮ ಖಾತೆಯಲ್ಲಿ ನೋಂದಾಯಿಸಿಕೊಟ್ಟರೆ ಹೆಸರು ನಮ್ಮದು ಎಂದು ಹೇಳಿಕೊಳ್ಳಬಹುದು ಅಷ್ಟೇ, ಹಿಡಿತ ಅವರದ್ದು. ಪ್ಲಾನ್ ಜೊತೆ ‘ಉಚಿತ ಡೊಮೇನ್’ ಕೊಡುವ ಕಡೆಯೂ ಇದೇ ಪ್ರಶ್ನೆ ಕೇಳಬೇಕು. ಸಾಮಾನ್ಯವಾಗಿ ಉಚಿತ ಮೊದಲ ವರ್ಷಕ್ಕೆ ಮಾತ್ರ. ಹೋಸ್ಟಿಂಗ್ ಬಿಟ್ಟರೆ ಡೊಮೇನ್ ಜೊತೆಗೆ ಬರುತ್ತದಾ, ವರ್ಗಾವಣೆಗೆ ಬೇಕಾದ ಆಥ್ ಕೋಡ್ ಕೇಳಿದ ತಕ್ಷಣ ಕೊಡುತ್ತಾರಾ ಎಂದು ಮೊದಲೇ ವಿಚಾರಿಸಿ. ಡೊಮೇನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ಇಟ್ಟುಕೊಳ್ಳುವುದೇ ನನಗೆ ಸರಿ ಅನ್ನಿಸುತ್ತದೆ. ತಾಂತ್ರಿಕವಾಗಿ ಏನೂ ಅಡ್ಡಿ ಇಲ್ಲ, ಡೊಮೇನ್ ಖಾತೆಯಲ್ಲಿ ನೇಮ್‌ಸರ್ವರ್ (ಹೆಸರು ಯಾವ ಹೋಸ್ಟಿಂಗ್‌ಗೆ ಹೋಗಬೇಕೆಂದು ತೋರಿಸುವ ವ್ಯವಸ್ಥೆ) ಬದಲಿಸಿದರೆ ಸಾಕು.

‘ಅನ್‌ಲಿಮಿಟೆಡ್’ ಎಂಬುದಕ್ಕೆ ಜಾಹೀರಾತುಗಳಲ್ಲಿ ‘ಅನಿಯಮಿತ’ ಎಂದು ಹಾಕುತ್ತಾರೆ. ಕನ್ನಡದಲ್ಲಿ ಅನಿಯಮಿತ ಅಂದರೆ ಕ್ರಮ ತಪ್ಪಿದ್ದು, ಹೊತ್ತುಗೊತ್ತಿಲ್ಲದ್ದು. ಬೇಕಾದ ಪದ ಅಪರಿಮಿತ, ಅಥವಾ ಸುಮ್ನೆ ‘ಮಿತಿಯಿಲ್ಲದ’. ಆದರೆ ಹೋಸ್ಟಿಂಗ್ ವಿಷಯದಲ್ಲಿ ಅದೂ ನಿಜವಲ್ಲ. ಡಿಸ್ಕ್ ಮೇಲೆ ಮಿತಿ ಹಾಕದಿದ್ದರೂ ಪ್ರೊಸೆಸರ್ ಬಳಕೆಗೆ, ಮೆಮೊರಿಗೆ, ಒಂದೇ ಹೊತ್ತಿಗೆ ನಡೆಯುವ ಕೆಲಸಗಳ ಸಂಖ್ಯೆಗೆ ಮಿತಿ ಇದ್ದೇ ಇರುತ್ತದೆ. ಇವೆಲ್ಲಕ್ಕಿಂತ ಕಣ್ಣಿಗೆ ಬೀಳದ್ದು ಐನೋಡ್ ಮಿತಿ. ಅಂದರೆ ಕಡತಗಳ ಸಂಖ್ಯೆಯ ಮಿತಿ. ಗಾತ್ರ ಎಷ್ಟೇ ಚಿಕ್ಕದಿರಲಿ, ಒಂದು ಕಡತ ಅಂದರೆ ಒಂದು ಲೆಕ್ಕ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ. ವರ್ಡ್‌ಪ್ರೆಸ್‌ಗೆ ಒಂದು ದೊಡ್ಡ ಫೋಟೊ ಏರಿಸಿದರೆ ಅದು ಒಂದೇ ಕಡತವಾಗಿ ಕೂರುವುದಿಲ್ಲ. ಥಂಬ್‌ನೇಲ್ ಒಂದು, ಮಧ್ಯಮ ಗಾತ್ರದ್ದು, ದೊಡ್ಡದು, 2019ರಲ್ಲಿ ಬಂದ 5.3ನೇ ಆವೃತ್ತಿಯಿಂದ 1536 ಮತ್ತು 2048 ಪಿಕ್ಸೆಲ್‌ನ ಇನ್ನೆರಡು, ಜೊತೆಗೆ ಮೂಲ ಪ್ರತಿ. ಥೀಮ್ (ಬ್ಲಾಗಿನ ರೂಪ ತೀರ್ಮಾನಿಸುವ ವಿನ್ಯಾಸ) ತನ್ನದೇ ಅಳತೆಗಳನ್ನು ಸೇರಿಸಿದರೆ ಇನ್ನೂ ಬೆಳೆಯುತ್ತದೆ. ಫೋಟೊ ಜಾಸ್ತಿ ಹಾಕುವ ಬ್ಲಾಗಿನಲ್ಲಿ ಡಿಸ್ಕ್ ತುಂಬುವ ಮೊದಲೇ ಐನೋಡ್ ಮಿತಿ ತಗಲಬಹುದು. ಹಾಗಾಗಿ ‘ಅನ್‌ಲಿಮಿಟೆಡ್’ ಅಂದಲ್ಲಿ ‘ಮಿತಿ ಹೇಳದ’ ಎಂದು ಬರೆದರೆ ಅರ್ಥಕ್ಕೆ ಹತ್ತಿರ. ‘ಅನ್‌ಮೀಟರ್ಡ್’ ಎಂಬುದಕ್ಕೆ ‘ಲೆಕ್ಕ ಇಡದ’ ಸಾಕು. ಇವೆರಡೂ ಬೇರೆಬೇರೆ ಎಂಬುದು ಕನ್ನಡದಲ್ಲೂ ಕಾಣಬೇಕು. ಷರತ್ತುಗಳ ಪುಟದಲ್ಲಿ ಈ ಮಿತಿಗಳನ್ನೆಲ್ಲ ಅಂಕಿಯಲ್ಲಿ ಬರೆದಿರುವ ಕಂಪನಿಯನ್ನು ನಾನು ಹೆಚ್ಚು ನಂಬುತ್ತೇನೆ.

‘ಬ್ಯಾಂಡ್‌ವಿಡ್ತ್’ ಎಂಬುದು ಮೂಲದಲ್ಲಿ ವೇಗಕ್ಕೆ ಸಂಬಂಧಿಸಿದ ಪದ. ಹೋಸ್ಟಿಂಗ್ ಪಟ್ಟಿಯಲ್ಲಿ ಮಾತ್ರ ತಿಂಗಳಿಗೆ ಸೈಟಿನಿಂದ ಎಷ್ಟು ಡೇಟಾ ಹೋಗಬಹುದು ಎಂಬ ಅರ್ಥ. ‘ತಿಂಗಳ ಡೇಟಾ’ ಅಂದರೆ ಎಲ್ಲರಿಗೂ ಹೊಳೆಯುತ್ತದೆ. ಒಂದು ಪುಟ 2 ಎಂಬಿ ಇದೆ, ದಿನಕ್ಕೆ 300 ಸಲ ತೆರೆಯುತ್ತಾರೆ ಅಂದುಕೊಳ್ಳಿ. ತಿಂಗಳಿಗೆ 18 ಜಿಬಿ ಆಯಿತು. ಹೊಸ ಬ್ಲಾಗಿಗೆ ಇದು ಬಹಳ ಒಳ್ಳೆಯ ಓದು, ಆದರೂ ಸಣ್ಣ ಲೆಕ್ಕವೇ.

‘ಅಪ್‌ಟೈಮ್’ (ಸೈಟ್ ನಿಲ್ಲದೆ ನಡೆಯುವ ಹೊತ್ತು) ಪಕ್ಕದ ಅಂಕಿಯನ್ನು ಮಾತ್ರ ಹೊತ್ತಿಗೆ ಬದಲಿಸಿ ಓದಬೇಕು. 99.9% ಅಂದರೆ 30 ದಿನದ ತಿಂಗಳಲ್ಲಿ ಸುಮಾರು 43 ನಿಮಿಷ ಸೈಟ್ ನಿಂತರೂ ಮಾತು ಉಳಿದಂತೆ. ಅಲ್ಲಿಯ ‘ಗ್ಯಾರಂಟಿ’ ಅಂದರೂ ಸೈಟ್ ನಿಲ್ಲುವುದೇ ಇಲ್ಲ ಎಂಬ ಭರವಸೆ ಅಲ್ಲ. ನಿಂತರೆ ಬಾಡಿಗೆಯಲ್ಲಿ ಒಂದಿಷ್ಟು ಬಿಡುತ್ತೇವೆ ಎಂಬ ಒಪ್ಪಂದ. ‘ಖಾತರಿ’ ಎಂದು ಅನುವಾದಿಸುವವರು ಇದನ್ನು ಗಮನಿಸಬೇಕು.

ಹೋಸ್ಟಿಂಗ್‌ನ ಬಗೆಗಳಾದ ಶೇರ್ಡ್, ವಿಪಿಎಸ್ ಇವಕ್ಕೆ ಕನ್ನಡ ಹುಡುಕುವ ಗೋಜು ಬೇಡ ಅನ್ನಿಸುತ್ತದೆ. ಶೇರ್ಡ್ ಅಂದರೆ ಒಂದೇ ಸರ್ವರ್‌ನಲ್ಲಿ ಬಹಳ ಜನರ ಸೈಟ್‌ಗಳು. ಮೊದಲ ಬ್ಲಾಗಿಗೆ ಇದು ಧಾರಾಳ ಸಾಕು. ವಿಪಿಎಸ್ ಅಂದರೆ ಸರ್ವರ್‌ನ ಒಂದು ಪಾಲನ್ನು ಪೂರ್ತಿ ನಮ್ಮ ಸುಪರ್ದಿಗೆ ಕೊಡುವುದು. ಬರೀ ವಿಪಿಎಸ್ ತಗೊಂಡರೆ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್‌ನಿಂದ ಫೈರ್‌ವಾಲ್‌ವರೆಗೆ ನಾವೇ ನೋಡಿಕೊಳ್ಳಬೇಕು. ಬರೆಯಬೇಕೆಂದಷ್ಟೇ ಬಂದವರು, ಕಮಾಂಡ್ ಲೈನ್ (ಆಜ್ಞೆಗಳನ್ನು ಟೈಪ್ ಮಾಡಿ ಕಂಪ್ಯೂಟರ್ ನಡೆಸುವುದು) ರೂಢಿ ಇಲ್ಲದಿದ್ದರೆ, ಆ ಕಡೆ ಹೋಗಬೇಡಿ.

‘ಮ್ಯಾನೇಜ್ಡ್’ ಮಾತ್ರ ಬಿಡುವಂತಿಲ್ಲ. ‘ನಿರ್ವಹಿತ’ ಅಂದರೆ ಯಾರು ಏನನ್ನು ನಿರ್ವಹಿಸುತ್ತಾರೆ ಅಂತ ತಿಳಿಯುವುದಿಲ್ಲ. ಮ್ಯಾನೇಜ್ಡ್ ವಿಪಿಎಸ್‌ನಲ್ಲಿ ಅವರು ಸಾಮಾನ್ಯವಾಗಿ ನೋಡಿಕೊಳ್ಳುವುದು ಸರ್ವರ್ ಮಟ್ಟದ ಕೆಲಸ. ಮ್ಯಾನೇಜ್ಡ್ ವರ್ಡ್‌ಪ್ರೆಸ್‌ನಲ್ಲಿ ವರ್ಡ್‌ಪ್ರೆಸ್ ಅಪ್‌ಡೇಟ್, ಬ್ಯಾಕಪ್, ಕ್ಯಾಶ್ (ಪುಟ ಬೇಗ ತೆರೆಯಲೆಂದು ಸಿದ್ಧ ಪ್ರತಿ ಇಟ್ಟುಕೊಳ್ಳುವುದು) ಕೂಡ ಸೇರಿರುತ್ತದೆ. ಪ್ಲಗಿನ್ (ಹೆಚ್ಚುವರಿ ಸೌಲಭ್ಯಕ್ಕೆ ಸೇರಿಸಿಕೊಳ್ಳುವ ಕಿರು ತಂತ್ರಾಂಶ) ಅಪ್‌ಡೇಟ್ ಸೇರಿದೆಯಾ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ‘ಅವರೇ ನೋಡಿಕೊಳ್ಳುವ’ ಎಂದು ಬರೆದು, ಏನೇನು ಎಂದು ಮುಂದಿನ ವಾಕ್ಯದಲ್ಲಿ ಹೇಳುವುದೇ ದಾರಿ.

‘ರಿನ್ಯೂವಲ್’ಗೆ ನಾವೆಲ್ಲ ಬಳಸುವ ‘ನವೀಕರಣ’ದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ತಂತ್ರಾಂಶದ ಅಪ್‌ಡೇಟ್‌ಗೂ ನವೀಕರಣ, ಹಳೆ ಕಟ್ಟಡ ರಿಪೇರಿಗೂ ನವೀಕರಣ, ಅವಧಿ ಮುಂದುವರಿಸುವುದಕ್ಕೂ ನವೀಕರಣ. ‘ನವೀಕರಣ ಶುಲ್ಕ’ ಅಂದರೆ ಅಪ್‌ಡೇಟ್ ಮಾಡಲು ದುಡ್ಡು ಕೊಡಬೇಕಾ ಅನ್ನುವ ಅನುಮಾನ ಬರುತ್ತದೆ. ‘ಮುಂದುವರಿಕೆ ದರ’ ಹೇಗೆ? ಇಲ್ಲಿ ಸ್ಪಷ್ಟತೆ ಬೇಕೇ ಬೇಕು. ಯಾಕೆಂದರೆ ಪುಟದಲ್ಲಿ ದಪ್ಪಕ್ಷರದಲ್ಲಿ ಕಾಣುವ ದರ ಬಹಳ ಸಲ ಮೊದಲ ಅವಧಿಗೆ ಮಾತ್ರ. ಎರಡನೇ ಅವಧಿಗೆ ಅದು ಎಷ್ಟೋ ಪಟ್ಟು ಏರಬಹುದು. ತಿಂಗಳಿಗೆ ಇಷ್ಟು ಎಂದು ತೋರಿಸಿದ್ದು ಮೂರು ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಮಾತ್ರ ಅನ್ವಯವಾಗುವುದೂ ಉಂಟು. ಹೋಲಿಕೆ ಮಾಡಬೇಕಾದ್ದು ಮೊದಲ ಅವಧಿ ಮತ್ತು ಎರಡನೇ ಅವಧಿ ಸೇರಿದ ಒಟ್ಟು ಮೊತ್ತವನ್ನು. ಬರೆಯುವ ಅಭ್ಯಾಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದ ಹೊಸಬರು ಒಂದು ವರ್ಷಕ್ಕೆ ಕಟ್ಟಿದರೆ ಸಾಕು, ಅಲ್ವಾ?

‘ಉಚಿತ ಎಸ್‌ಎಸ್‌ಎಲ್’ (ಸೈಟಿಗೂ ಓದುಗರ ಬ್ರೌಸರಿಗೂ ನಡುವೆ ಹೋಗುವ ಮಾಹಿತಿಯನ್ನು ಗುಟ್ಟಾಗಿಡುವ ವ್ಯವಸ್ಥೆ) ಎಂಬುದನ್ನು ದೊಡ್ಡ ಉಡುಗೊರೆಯಂತೆ ತೋರಿಸುತ್ತಾರೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರ ಕೊನೆಯಿಂದ ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತಾ ಬಂದಿದೆ. ಅದು ಇರಲೇಬೇಕು, ತಾನಾಗಿ ಮುಂದುವರಿಯುತ್ತಲೂ ಇರಬೇಕು. ಪ್ಲಾನ್ ಆರಿಸಲು ಅದೊಂದೇ ಕಾರಣ ಆಗಬಾರದು.

ಈಗ ‘ಬ್ಯಾಕಪ್’. ಪದ ಎಲ್ಲರಿಗೂ ಗೊತ್ತು, ಬದಲಿಸುವುದು ಬೇಡ. ಅದರೊಳಗೆ ಏನಿದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ವರ್ಡ್‌ಪ್ರೆಸ್ ಬ್ಲಾಗಿನ ಬರಹಗಳು ಕಡತಗಳಲ್ಲಿ ಇರುವುದಿಲ್ಲ, ಡೇಟಾಬೇಸ್‌ನಲ್ಲಿ ಇರುತ್ತವೆ. ಸರ್ವರ್‌ನಲ್ಲಿರುವ ಫೋಲ್ಡರ್ ಪೂರ್ತಿ ಇಳಿಸಿಕೊಂಡರೂ ಒಂದೇ ಒಂದು ಬರಹ ಸಿಗುವುದಿಲ್ಲ. ಫೋಟೊ, ಥೀಮ್, ಪ್ಲಗಿನ್ ಮಾತ್ರ ಸಿಗುತ್ತವೆ. ಇನ್ನೊಂದು ಕಡೆ, ವರ್ಡ್‌ಪ್ರೆಸ್‌ನ ಒಳಗೇ ಇರುವ ‘ಎಕ್ಸ್‌ಪೋರ್ಟ್’ ಒತ್ತಿದರೆ ಬರುವ ಕಡತದಲ್ಲಿ ಬರಹ, ಪ್ರತಿಕ್ರಿಯೆ ಇರುತ್ತವೆ, ಫೋಟೊಗಳ ಕೊಂಡಿ ಮಾತ್ರ ಇರುತ್ತದೆ. ಹಳೆಯ ಸೈಟ್ ಮುಚ್ಚಿದ ಮೇಲೆ ಆ ಕೊಂಡಿಗಳಿಂದ ಏನೂ ಬರುವುದಿಲ್ಲ. ಎರಡೂ ಬೇಕು, ಕಡತವೂ ಡೇಟಾಬೇಸೂ. ಅವುಗಳ ಪ್ರತಿ ಬ್ಲಾಗ್ ಇರುವ ಸರ್ವರ್‌ನಲ್ಲೇ ಇದ್ದರೆ ಬ್ಯಾಕಪ್ ಎಂದು ಕರೆಯುವುದೇ ತಪ್ಪು. ಸರ್ವರ್ ಹೋದ ದಿನ ಬ್ಲಾಗೂ ಅದರ ಪ್ರತಿಯೂ ಒಟ್ಟಿಗೆ ಹೋಗುತ್ತವೆ.

ನಮ್ಮ ಲಿಪಿಗೆ ಇದರಲ್ಲಿ ವಿಶೇಷ ಗಮನ ಬೇಕು. ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಡೇಟಾಬೇಸ್ ಸಾಗಿಸುವಾಗ ಲಿಪಿಯ ಎನ್‌ಕೋಡಿಂಗ್ (ಅಕ್ಷರಗಳನ್ನು ಅಂಕಿಗಳಾಗಿ ಉಳಿಸುವ ಪದ್ಧತಿ) ಹೊಂದದಿದ್ದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಡೇಟಾಬೇಸ್ ಒಳಗೇ ಪ್ರಶ್ನಾರ್ಥಕವಾಗಿ ಉಳಿದುಹೋದರೆ ಅದರಿಂದ ಮೂಲ ಅಕ್ಷರ ಹೊರತೆಗೆಯಲು ಆಗುವುದಿಲ್ಲ. ವರ್ಡ್‌ಪ್ರೆಸ್ 2015ರ 4.2ನೇ ಆವೃತ್ತಿಯಿಂದ ಯುಟಿಎಫ್8ಎಂಬಿ4 ಎಂಬ ಎನ್‌ಕೋಡಿಂಗ್ ಬಳಸುತ್ತಿದೆ. ಎರಡೂ ಕಡೆ ಅದೇ ಇದೆಯಾ ನೋಡಿ, ಸಾಗಿಸಿದ ಮೇಲೆ ನಾಲ್ಕಾರು ಹಳೆಯ ಬರಹ ತೆರೆದು ಓದಿ, ಆಮೇಲೆ ಹಳೆಯದನ್ನು ಮುಚ್ಚಿ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಹೋಸ್ಟಿಂಗ್‌ಗೆ ನೇರ ಸಂಬಂಧ ಇಲ್ಲ, ಆದರೆ ಕನ್ನಡದಲ್ಲಿ ಬರೆಯುವವರಿಗೆ ಹೇಳಲೇಬೇಕು. ಬರಹದ ವಿಳಾಸದ ಕೊನೆಯ ತುಂಡಿಗೆ, ಅಂದರೆ ‘ಸ್ಲಗ್’ಗೆ, ಡೇಟಾಬೇಸ್‌ನಲ್ಲಿ 200 ಅಕ್ಷರದ ಜಾಗ ಇದೆ. ಕನ್ನಡದ ಒಂದೊಂದು ಚಿಹ್ನೆ ಅಲ್ಲಿ ಶೇಕಡಾ ಗುರುತು ಸೇರಿ 9 ಅಕ್ಷರವಾಗಿ ಕೂರುತ್ತದೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಸ, ವಿರಾಮ (ಒತ್ತಕ್ಷರ ಕೂಡಿಸುವ ಗುರುತು), ತ, ವಿರಾಮ, ರ, ಈ ಮಾತ್ರೆ ಎಂದು ಆರು. ಅದೊಂದಕ್ಕೇ 54 ಹೋಯಿತು. ಒಟ್ಟು 22 ಚಿಹ್ನೆಗೆ ಜಾಗ ಮುಗಿಯುತ್ತದೆ, ತಲೆಬರಹ ನಡುವೆಯೇ ಕತ್ತರಿಸಿಹೋಗುತ್ತದೆ. ಪ್ರಕಟಿಸುವ ಮೊದಲೇ ಒಂದು ಚಿಕ್ಕ ಸ್ಲಗ್ ಕೈಯಾರೆ ಬರೆದುಬಿಡಿ.

ಬ್ಯಾಕಪ್‌ಗಿಂತ ಮುಖ್ಯವಾದ ಪದ ‘ರಿಸ್ಟೋರ್’. ಎಷ್ಟು ದಿನದ ಪ್ರತಿ ಇಡುತ್ತಾರೆ, ಅದನ್ನು ಮತ್ತೆ ಹಾಕಲು ನಮಗೇ ಗುಂಡಿ ಇದೆಯಾ ಅಥವಾ ಅವರನ್ನು ಕೇಳಬೇಕಾ, ಕೇಳಿದರೆ ಶುಲ್ಕ ಇದೆಯಾ, ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಾ. ದುಡ್ಡು ಕಟ್ಟುವ ಮೊದಲು ಸಹಾಯವಾಣಿಗೆ ಈ ಪ್ರಶ್ನೆಗಳನ್ನೇ ಬರೆದು ಕಳಿಸಿ. ನೇರ ಉತ್ತರ ಬಂದರೆ ಅವರ ಸಹಾಯ ಹೇಗಿರುತ್ತದೆ ಎಂಬುದೂ ಗೊತ್ತಾಗುತ್ತದೆ.

ಈಗ ನಿಮ್ಮಿಂದ ಮೂರು ಪದಕ್ಕೆ ಸಲಹೆ ಬೇಕು. ‘ರಿಸ್ಟೋರ್’ಗೆ ‘ಮರುಸ್ಥಾಪನೆ’ ಎಂದರೆ ತಂತ್ರಾಂಶವನ್ನು ಮತ್ತೆ ಹೊಸದಾಗಿ ಹಾಕುವ ‘ರೀಇನ್‌ಸ್ಟಾಲ್’ ಜೊತೆ ಕಲಸಿಹೋಗುತ್ತದೆ. ಒಂದರಲ್ಲಿ ಬರಹ ಮರಳುತ್ತದೆ, ಇನ್ನೊಂದರಲ್ಲಿ ಅಳಿಸಿಹೋಗಬಹುದು. ಹಾಗಾಗಿ ‘ಬ್ಯಾಕಪ್‌ನಿಂದ ಮರಳಿಸು’ ಎಂದು ಬರೆದಿದ್ದೇನೆ, ಸ್ವಲ್ಪ ಉದ್ದ ಆಯಿತು. ‘ಮೈಗ್ರೇಷನ್’ಗೆ ‘ವಲಸೆ’ಯಾ, ‘ಸ್ಥಳಾಂತರ’ವಾ? ನನಗೆ ಸ್ಥಳಾಂತರ ಹಿಡಿಸಿದೆ. ‘ನಾವೇ ನಡೆಸುವ ಬ್ಲಾಗ್’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ತಲೆಬರಹಕ್ಕೆ ಇನ್ನೂ ಚಿಕ್ಕದು ಇದ್ದರೆ ದಯವಿಟ್ಟು ಬರೆಯಿರಿ, ಅಧ್ಯಾಯದ ಹೆಸರನ್ನು ಅದಕ್ಕಾಗಿ ಖಾಲಿ ಬಿಟ್ಟಿದ್ದೇನೆ.